ಮನೆಯ ಪಾಲಿನ ಈರುಳ್ಳಿ

ಗದಗ, ಧಾರವಾಡ, ಚಿತ್ರದುರ್ಗದ ಕಡೆ ಈರುಳ್ಳಿ ಕಿತ್ತ ಮೇಲೆ ಒಳ್ಳೆಯ ಗಡ್ಡೆಗಳೆಲ್ಲ ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತವೆ. ಮೊಳೆತದ್ದು, ಮೆತ್ತಗಾದದ್ದು ಬೆಳೆದವರ ಅಡಿಗೆಮನೆಗೆ ಉಳಿಯುತ್ತದೆ. ಈ ವಾಡಿಕೆ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್ ಎಂಬ ಶರ್ಕರಪಿಷ್ಟವಿದೆ. ನಮ್ಮ ಜಠರವಾಗಲಿ ಸಣ್ಣ ಕರುಳಾಗಲಿ ಇದನ್ನು ಜೀರ್ಣಿಸಲಾರವು. ಅದು ಹಾಗೆಯೇ ದೊಡ್ಡ ಕರುಳನ್ನು ಸೇರಿ ಅಲ್ಲಿನ ಉಪಯುಕ್ತ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಮಣ್ಣಿನ ಜೀವಾಣುಗಳಿಗೆ ಕೊಟ್ಟಿಗೆ ಗೊಬ್ಬರ ಹೇಗೋ, ಇವುಗಳಿಗೆ ಫ್ರಕ್ಟಾನ್ ಹಾಗೆ. ಅವು ಇದನ್ನು ಹುದುಗಿಸಿದಾಗ ಹುಟ್ಟುವ ಆಮ್ಲಗಳು ಕರುಳಿನ ಒಳಪದರವನ್ನು ಪೋಷಿಸುತ್ತವೆ.

ಗಡ್ಡೆ ಬಹುಕಾಲ ಉಳಿದು ಮೊಳೆಯತೊಡಗಿದರೆ ಫ್ರಕ್ಟಾನ್ ಒಡೆದು ಸರಳ ಸಕ್ಕರೆಯಾಗುತ್ತದೆ. ಮೊಳೆತ ಈರುಳ್ಳಿ ವಿಷವೇನೂ ಅಲ್ಲ. ಆದರೆ ಅದರಲ್ಲಿ ಈ ಸತ್ವ ಕಡಿಮೆ. ಕೊಳೆತದ್ದನ್ನಂತೂ ಗೊಬ್ಬರದ ಗುಂಡಿಗೆ ಹಾಕುವುದೇ ಲೇಸು.

ಆದ್ದರಿಂದ ರೈತ ಬಾಂಧವರು ಮಾರುವ ಮೊದಲೇ ಮನೆಯ ಪಾಲನ್ನು ಆರಿಸಿಡಬೇಕು. ಗಾಯವಿಲ್ಲದ, ಕತ್ತು ಚೆನ್ನಾಗಿ ಒಣಗಿದ ಗಡ್ಡೆಗಳನ್ನು ಗಾಳಿಯಾಡುವ ಒಣ ಜಾಗದಲ್ಲಿ ತೆಳುವಾಗಿ ಹರಡಿ, ಆಗಾಗ ನೋಡಿ ಕೆಟ್ಟದ್ದನ್ನು ತೆಗೆಯಬೇಕು. ದಪ್ಪ ಕತ್ತಿನವು ಹೆಚ್ಚು ದಿನ ತಾಳವು. ಅವನ್ನು ಮೊದಲು ಬಳಸಿರಿ.

ಈರುಳ್ಳಿ ಔಷಧವಲ್ಲ, ಆಹಾರ. ತಿಂದರೆ ಹೊಟ್ಟೆ ಉಬ್ಬರಿಸುವವರು ಮಿತವಾಗಿ ತಿನ್ನಲಿ. ಉಳಿದವರಿಗೆ ರೊಟ್ಟಿಯೊಡನೆ ದಿನವೂ ಒಂದಿಷ್ಟು ಇರಲಿ. ಧಾರಣೆ ಎಷ್ಟೇ ಏರಲಿ, ಬೆಳೆದವರ ಮಕ್ಕಳ ತಟ್ಟೆಗೆ ಕಡೆಯ ಪಾಲು ಬರಬಾರದು.