ಮಂಜರಾಬಾದಿಗೂ ಬೇಕು ನೆನಪಿನ ಕೋಣೆ
ಸಕಲೇಶಪುರದ ಮಂಜರಾಬಾದ್ ಕೋಟೆಗೆ ಮಳೆಗಾಲದ ವಾರಾಂತ್ಯಗಳಲ್ಲಿ ಪ್ರವಾಸಿಗರ ದಟ್ಟಣೆ ಹೆಚ್ಚುತ್ತಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಡ್ರೋನ್ ಚಿತ್ರಕ್ಕೆ ಚೆಂದ. ಹಲವರು ಅಷ್ಟಕ್ಕೇ ತೃಪ್ತರಾಗಿ, ಕೆಲವರು ಗೋಡೆಯ ಮೇಲೆ ಹೆಸರು ಗೀಚಿ ಇಳಿಯುತ್ತಾರೆ. ಈ ಕೋಟೆಯಿರುವ ಬಲಂ ಸೀಮೆಯ ಪಾಳೆಯಗಾರನಿಗೆ ಅರೆಕೆರೆಯಲ್ಲಿದ್ದ ಕಾಡಿನ ನೆಲೆಗೆ 1802ರ ಜನವರಿಯಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೇನೆ ನುಗ್ಗಿತು. ಬಲಂನ ಕೊನೆಯ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ಗಲ್ಲಿಗೇರಿಸಲಾಯಿತು. ಈ ಇತಿಹಾಸದ ಅರಿವಿಲ್ಲದೆ ಮರಳುವ ಪ್ರವಾಸಿಗೆ ಕೋಟೆ ಫೋಟೊದ ಹಿನ್ನೆಲೆ ಮಾತ್ರ.

ಸ್ವಾತಂತ್ರ್ಯ ಹೋರಾಟಗಾರರ ಮೇಲೆ ನಡೆದ 1938ರ ಗೋಲಿಬಾರಿನ ನೆನಪಿಗೆ ವಿದುರಾಶ್ವತ್ಥದಲ್ಲಿ ವೀರಸೌಧವಿದೆ. ಮಂಜರಾಬಾದಿಗೂ ಅಂಥದ್ದೊಂದು ವಸ್ತುಸಂಗ್ರಹಾಲಯ ಬೇಕು. ಕೋಟೆಯೊಳಗಲ್ಲ, ಮೆಟ್ಟಿಲು ಶುರುವಾಗುವ ಬುಡದಲ್ಲಿ. ಟಿಪ್ಪು ಕುರಿತ ರಾಜಕೀಯ ಜಗಳ ಇದನ್ನು ಮುಂದೂಡಲು ನೆಪವಾಗಕೂಡದು. ಪ್ರವಾಸೋದ್ಯಮ ಇಲಾಖೆ ಮೊದಲು ಇದಕ್ಕೆ ಹಣ ತೆಗೆದಿಡಲಿ. ಸೆಲ್ಫಿ ಕಟ್ಟೆಯ ಯೋಚನೆ ಆಮೇಲೆ.