ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮಕ್ಕಳು ಕೆಟ್ಟು ಹೋದರೆಂಬ ಕೂಗು ಎದ್ದಾಗಲೆಲ್ಲ ಯಾವುದಾದರೊಂದು ಆಟವನ್ನೋ ನೋಟವನ್ನೋ ಹಿಡಿದು ತಂದು ಕಟಕಟೆಯಲ್ಲಿ ನಿಲ್ಲಿಸುವುದು ದೊಡ್ಡವರ ಹಳೆಯ ಪದ್ಧತಿ. ಕಂಪನಿ ನಾಟಕದ ಕಾಲದಲ್ಲಿ ನಾಟಕಕ್ಕೆ ಆ ಗತಿ ಬಂತು. ಟೆಂಟು ಸಿನಿಮಾದ ಕಾಲದಲ್ಲಿ ಸಿನಿಮಾಕ್ಕೆ. ಮನೆಗೆ ಟೀವಿ ಬಂದ ಮೇಲೆ ಟೀವಿಗೆ. ಕೆಲವು ದಶಕಗಳಿಂದ ಈಚೆಗೆ ಆ ಜಾಗದಲ್ಲಿ ನಿಂತಿರುವವು ವಿಡಿಯೋ ಗೇಮು ಮತ್ತು ಅನಿಮೆ. ಅನಿಮೆ ಎಂದರೆ ಜಪಾನಿನವರು ಚಿತ್ರ ಬರೆದು ಬರೆದು ಓಡಿಸುವ ಸಿನಿಮಾ. ಅಲ್ಲಿಯ ಅಚ್ಚಿನ ಚಿತ್ರಕಥೆಗಳಿಗೆ ಮಂಗಾ ಎಂದು ಹೆಸರು. ನಮ್ಮ ಗಿರಣಿ ಕೇರಿಗಳಲ್ಲಿಯೂ ಪೇಟೆ ಬೀದಿಗಳಲ್ಲಿಯೂ ಈ ಹೆಸರುಗಳನ್ನು ಬಲ್ಲ ಹುಡುಗರಿದ್ದಾರೆ. ಅವರನ್ನು ಗದರುವ ತಂದೆತಾಯಿಗಳೂ ಇದ್ದಾರೆ. ಆದ್ದರಿಂದ ಈ ಮೊಕದ್ದಮೆಯ ಕಾಗದಪತ್ರಗಳನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಆರೋಪಿ ಯಾರು, ಸಾಕ್ಷಿ ಏನು, ಮುಖ್ಯವಾಗಿ ಕಟಕಟೆಗೆ ಬಾರದೆ ಹೊರಗೇ ಉಳಿದವರು ಯಾರು?

ಮೊದಲು ಜಪಾನಿನ ವಿಷಯ. 1975ರ ಡಿಸೆಂಬರಿನಲ್ಲಿ ಟೋಕಿಯೋ ನಗರದ ಕೆಲವು ಮಂಗಾ ಪ್ರಿಯರು ಕಾಮಿಕ್ ಮಾರ್ಕೆಟ್ ಎಂಬ ಹೆಸರಿನಲ್ಲಿ ಒಂದು ಸಂತೆ ನೆರೆಸಿದರು. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ತಾವೇ ಕುಳಿತು ಮಾರುವ ಸಂತೆ ಅದು. ಆ ದಿನ ಬಂದವರು ಸುಮಾರು 700 ಜನ. ಈಗ ಅದೇ ಸಂತೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಇಂಥ ಹುಡುಗರನ್ನು ಹಾಸ್ಯ ಮಾಡುತ್ತ ನಾಕಾಮೊರಿ ಅಕಿಯೊ ಎಂಬ ಲೇಖಕ 1983ರಲ್ಲಿ ‘ಒಟಾಕು’ ಎಂದು ಹೆಸರಿಟ್ಟು ಬರೆದ. ಆ ಶಬ್ದಕ್ಕೆ ‘ತಮ್ಮ ಮನೆ’ ಎಂದೂ ‘ತಾವು’ ಎಂದೂ ಅರ್ಥ. ಸಂಕೋಚದ ಹುಡುಗರು ಒಬ್ಬರನ್ನೊಬ್ಬರು ವಿಪರೀತ ಮರ್ಯಾದೆಯಿಂದ ಹಾಗೆ ಕರೆದುಕೊಳ್ಳುತ್ತಿದ್ದರಂತೆ. ಅಲ್ಲಿಯವರೆಗೆ ಅದು ಬರೀ ಗೇಲಿಯ ಮಾತಾಗಿತ್ತು.

1989ರಲ್ಲಿ ಆ ಗೇಲಿ ಬೈಗುಳವಾಯಿತು. ಟೋಕಿಯೋ ಮತ್ತು ಪಕ್ಕದ ಸೈತಾಮಾ ಪ್ರಾಂತದಲ್ಲಿ ನಾಲ್ವರು ಎಳೆಯ ಹೆಣ್ಣುಮಕ್ಕಳನ್ನು ಕೊಂದ ಪಾಪಿಯೊಬ್ಬ ಸೆರೆ ಸಿಕ್ಕ. ಅವನ ಕೋಣೆಯಲ್ಲಿ ಐದು ಸಾವಿರಕ್ಕೂ ಮಿಕ್ಕಿ ವಿಡಿಯೋ ಟೇಪುಗಳಿದ್ದವು. ಆ ಕೋಣೆಯ ಫೋಟೋ ಪತ್ರಿಕೆಗಳಲ್ಲಿ ಬಂತು, ಟೀವಿಯಲ್ಲಿ ಬಂತು. ಕೊಲೆಗಾರನ ಹೆಸರಿನ ಜೊತೆಗೆ ‘ಒಟಾಕು’ ಎಂಬ ಮಾತೂ ದೇಶದ ಬಾಯಿಗೆ ಬಿತ್ತು. ಅಂದಿನಿಂದ ಅನಿಮೆ ನೋಡುವ ಸಾಧು ಹುಡುಗನೂ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ತನ್ನ ಹವ್ಯಾಸವನ್ನು ಮುಚ್ಚಿಡಬೇಕಾಯಿತು. ಕೊಲೆಗಾರನಿಗೆ 2008ರಲ್ಲಿ ಗಲ್ಲು ಆಯಿತು. ನ್ಯಾಯ ಅಲ್ಲಿಗೆ ಮುಗಿಯಿತು. ಆದರೆ ಯಾರನ್ನೂ ಕೊಲ್ಲದ ಲಕ್ಷಾಂತರ ಜನ ಅನುಭವಿಸಿದ ಶಿಕ್ಷೆಗೆ ಯಾವ ನ್ಯಾಯಾಲಯ ತೀರ್ಪು ಕೊಟ್ಟಿತ್ತು?

ಅಮೆರಿಕದಲ್ಲಿ ಈ ಕಥೆ ಇನ್ನೂ ಹಿಂದೆ ಹೋಗುತ್ತದೆ. 1954ರಲ್ಲಿ ಅಲ್ಲಿಯ ಸೆನೆಟ್ ಸಮಿತಿಯೊಂದು ಕಾಮಿಕ್ಸ್ ಪುಸ್ತಕಗಳ ವಿಚಾರಣೆ ನಡೆಸಿತು. ಮಕ್ಕಳ ಅಪರಾಧಗಳಿಗೆ ಕಾಮಿಕ್ಸೇ ಕಾರಣವೆಂದು ಸಾಕ್ಷಿ ಹೇಳಿದವರಲ್ಲಿ ಮುಂದಾಳು ಡಾ. ಫ್ರೆಡ್ರಿಕ್ ವರ್ಥಮ್. ಈತ ದುಷ್ಟನೇನೂ ಅಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಬಡ ಕರಿಯ ಜನರಿಗಾಗಿ 1946ರಲ್ಲಿ ಮಾನಸಿಕ ಚಿಕಿತ್ಸಾಲಯ ತೆರೆದವನು. ಅದಕ್ಕೆ ಕಾರ್ಲ್ ಮಾರ್ಕ್ಸ್‌ನ ಅಳಿಯ ಪಾಲ್ ಲಫಾರ್ಗನ ಹೆಸರನ್ನೇ ಇಟ್ಟವನು. ಬಡತನ, ವರ್ಣಭೇದ, ಇಕ್ಕಟ್ಟಿನ ಮನೆ, ಇವೆಲ್ಲ ಮಕ್ಕಳ ಮನಸ್ಸನ್ನು ಹೇಗೆ ಮುರಿಯುತ್ತವೆಂದು ದಿನ ಬೆಳಗಾದರೆ ಕಾಣುತ್ತಿದ್ದವನು. ಅಂಥವನೇ ಆ ಎಲ್ಲವನ್ನೂ ಬಿಟ್ಟು ಹತ್ತು ಸೆಂಟಿನ ಪುಸ್ತಕದ ಮೇಲೆ ಬೆರಳು ತೋರಿದ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ಅವನ ಮೂಲ ಟಿಪ್ಪಣಿಗಳನ್ನೇ ಓದಿ, ಮಕ್ಕಳ ಮಾತುಗಳನ್ನು ಅವನು ತಿದ್ದಿದ್ದನ್ನೂ ಬೆಸೆದಿದ್ದನ್ನೂ ಉಬ್ಬಿಸಿದ್ದನ್ನೂ 2012ರಲ್ಲಿ ತೋರಿಸಿಕೊಟ್ಟರು. ಆ ಹೊತ್ತಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು. 1954ರ ಗದ್ದಲದಲ್ಲಿ ಪ್ರಕಾಶನಗಳು ಮುಚ್ಚಿದವು. ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ನೂರಾರು ಜನ ಕೆಲಸ ಕಳೆದುಕೊಂಡರು. ಹಾರ್ಲೆಮಿನ ಇಕ್ಕಟ್ಟಿನ ಮನೆಗಳು ಮಾತ್ರ ಹಾಗೆಯೇ ಉಳಿದವು.

ಮುಂದೆ ಅದೇ ಪಾಠ ವಿಡಿಯೋ ಗೇಮಿನ ಮೇಲೆ ನಡೆಯಿತು. 1993ರ ಡಿಸೆಂಬರಿನಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಮೊದಲಾದ ಆಟಗಳ ಮೇಲೆ ಸೆನೆಟ್ಟಿನಲ್ಲಿ ವಿಚಾರಣೆ. ಮರು ವರ್ಷವೇ ಯಾವ ಆಟ ಯಾವ ವಯಸ್ಸಿಗೆ ಎಂದು ಮುದ್ರೆ ಒತ್ತುವ ಮಂಡಲಿ. ಇದು ತಕ್ಕ ಕ್ರಮವೇ. ಆದರೆ 1999ರಲ್ಲಿ ಕೊಲಂಬೈನ್ ಎಂಬ ಶಾಲೆಯಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿ ಜೀವ ತೆಗೆದಾಗ ಅವರು ಆಡುತ್ತಿದ್ದ ‘ಡೂಮ್’ ಎಂಬ ಆಟದ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಹುಡುಗರ ಕೈಗೆ ನಿಜವಾದ ಬಂದೂಕು ಹೇಗೆ ಬಂತು ಎಂಬ ಪ್ರಶ್ನೆ ಎದ್ದರೂ ಅಲ್ಲಿಯ ಬಂದೂಕಿನ ವ್ಯಾಪಾರ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂದು ಮಾಡಿದ ಕಾನೂನನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರದ್ದು ಮಾಡಿತು. ಒಂಬತ್ತು ನ್ಯಾಯಾಧೀಶರಲ್ಲಿ ಏಳು ಮಂದಿ ಆ ಪಕ್ಷ. ಆಟವೇ ಮಕ್ಕಳನ್ನು ಹಿಂಸೆಗೆ ಇಳಿಸುತ್ತದೆಂದು ಮುಂದಿಟ್ಟ ಅಧ್ಯಯನಗಳು ಸಿದ್ಧಪಡಿಸಿಲ್ಲ ಎಂದು ಕೋರ್ಟಿನ ಮುಖ್ಯ ತೀರ್ಪು ಹೇಳಿತು. ಲೆಕ್ಕವೂ ಅದನ್ನೇ ಹೇಳುತ್ತದೆ. 1994ರ ಈಚೆಗೆ ಅಮೆರಿಕದಲ್ಲಿ ಆಟಗಳ ಮಾರಾಟ ಏರುತ್ತ ಹೋದ ವರ್ಷಗಳಲ್ಲೇ ಹಿಂಸೆಯ ಅಪರಾಧಕ್ಕಾಗಿ ಸೆರೆ ಹಿಡಿಯಲ್ಪಟ್ಟ ಹುಡುಗರ ಸಂಖ್ಯೆ ಇಳಿಯುತ್ತ ಹೋಯಿತು.

ನಮ್ಮ ದೇಶ ಹಿಂದೆ ಬೀಳಲಿಲ್ಲ. 2019ರ ಮಾರ್ಚಿಯಲ್ಲಿ ಗುಜರಾತಿನ ರಾಜಕೋಟೆಯ ಪೊಲೀಸರು ‘ಪಬ್‌ಜಿ’ ಎಂಬ ಮೊಬೈಲು ಆಟವನ್ನು ನಿಷೇಧಿಸಿ, ಆಡುತ್ತ ಸಿಕ್ಕಿದ ಕಾಲೇಜು ಹುಡುಗರನ್ನು ಹಿಡಿದು ಮೊಕದ್ದಮೆ ಹೂಡಿದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣ ಹೇಳಿ ಅದೇ ಆಟವನ್ನು ದೇಶದಾದ್ಯಂತ ತಡೆಯಿತು. 2021ರಲ್ಲಿ ಕೊರಿಯಾದ ಕಂಪನಿ ಅದನ್ನು ಬೇರೆ ಹೆಸರಿನಲ್ಲಿ ತಂದಿತು. 2022ರಲ್ಲಿ ಮತ್ತೆ ತಡೆ. 2023ರಲ್ಲಿ ಮತ್ತೆ ಅಪ್ಪಣೆ. ಹುಡುಗರು ಠಾಣೆಯ ಮೆಟ್ಟಿಲು ಹತ್ತಿದರು. ಕಂಪನಿ ಹೊಸ ಬೋರ್ಡು ತಗುಲಿಸಿ ಅಂಗಡಿ ತೆರೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಂಥದನ್ನು ನೋಡಿಯೇ ಹುಟ್ಟಿರಬೇಕು.

ಹಾಗಾದರೆ ತಂದೆತಾಯಿಗಳ ಆತಂಕವೆಲ್ಲ ಸುಳ್ಳೇ? ಅಲ್ಲ. ಕೆಲವು ವರ್ಷ ಪಾಠಶಾಲೆಯಲ್ಲಿ ಮಕ್ಕಳ ಮುಂದೆ ನಿಂತವನು ನಾನು. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಬೆಂಚಿನ ಮೇಲೆ ತಲೆಯಿಟ್ಟ ಹುಡುಗನನ್ನು ಕಂಡು ಸುಮ್ಮನಿರಲು ಯಾವ ಮೇಷ್ಟ್ರಿಗೂ ಆಗದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿನ ಗೀಳನ್ನು ಒಂದು ಕಾಯಿಲೆಯಾಗಿ 2019ರಲ್ಲಿ ತನ್ನ ರೋಗಪಟ್ಟಿಗೆ ಸೇರಿಸಿತು. 2022ರಿಂದ ಅದು ಜಾರಿಯಲ್ಲಿದೆ. ಆದರೆ ಸಂಸ್ಥೆಯ ಮಾತನ್ನು ಸರಿಯಾಗಿ ಓದಬೇಕು. ಆಟದ ಮೇಲೆ ಹಿಡಿತವೇ ತಪ್ಪಿ, ಊಟ, ನಿದ್ರೆ, ಓದು, ಕೆಲಸ ಎಲ್ಲವನ್ನೂ ಅದು ನುಂಗಿ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷ ಹಾಗೆಯೇ ನಡೆದರೆ ಅದು ಕಾಯಿಲೆ. ಸಂಜೆ ಒಂದು ಗಂಟೆ ಆಡಿದವನು ರೋಗಿಯಲ್ಲ. ಹಾಗೆಯೇ ಮಂಗಾ, ಅನಿಮೆಗಳಲ್ಲಿ ಎಳೆಯ ಮಕ್ಕಳನ್ನು ಕಾಮದ ಕಣ್ಣಿನಿಂದ ಚಿತ್ರಿಸುವ ಹೊಲಸೂ ಉಂಟು. ಅದನ್ನು ಕಲೆಯೆಂದು ಸಮರ್ಥಿಸುವವರ ಪಕ್ಷ ನಾನು ಹಿಡಿಯಲಾರೆ. ರೋಗಕ್ಕೆ ಔಷಧ ಬೇಕು, ಹೊಲಸಿಗೆ ಕಾನೂನು ಬೇಕು. ಎರಡನ್ನೂ ನೆವ ಮಾಡಿಕೊಂಡು ಕೋಟ್ಯಂತರ ಮಕ್ಕಳ ಸಣ್ಣ ಸಂತೋಷವನ್ನು ಪಾಪವೆಂದು ಕರೆಯುವುದು ಮಾತ್ರ ಬೇಡ.

ಇನ್ನು ಕಟಕಟೆಗೆ ಬಾರದವರ ವಿಚಾರ.

ಜಾತ್ರೆಯಲ್ಲಿ ಚಕ್ರ ತಿರುಗಿಸಿ ದುಡ್ಡು ಕೀಳುವವನನ್ನು ನಾವೆಲ್ಲ ಕಂಡಿದ್ದೇವೆ. ಮೊಬೈಲು ಆಟಗಳೊಳಗೆ ಅಂಥದೇ ಚಕ್ರ ಇಟ್ಟಿದ್ದಾರೆ. ಜಪಾನಿನಲ್ಲಿ ಅದಕ್ಕೆ ‘ಗಾಚಾ’ ಎನ್ನುತ್ತಾರೆ. ದುಡ್ಡು ಹಾಕಬೇಕು, ಏನು ಬರುತ್ತದೆಂದು ಮೊದಲೇ ತಿಳಿಯದು; ಬೇಕಾದ ಗೊಂಬೆ ಬರುವವರೆಗೆ ಮತ್ತೆ ಮತ್ತೆ ಹಾಕಬೇಕು. ಇದರ ಒಂದು ಬಗೆಯನ್ನು 2012ರಲ್ಲಿ ಜಪಾನಿನ ಬಳಕೆದಾರರ ಇಲಾಖೆ ಕಾನೂನುಬಾಹಿರವೆಂದು ಸಾರಿತು. ಕೂಡಲೇ ದೊಡ್ಡ ಗೇಮ್ ಕಂಪನಿಗಳ ಷೇರಿನ ಬೆಲೆ ಕುಸಿಯಿತು. ಲಾಭ ಎಲ್ಲಿಂದ ಬರುತ್ತಿತ್ತೆಂದು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 2018ರಲ್ಲಿ ಬೆಲ್ಜಿಯಂ ದೇಶ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಎಣಿಸಿತು. 2022ರ ಡಿಸೆಂಬರಿನಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪನಿ ಅಮೆರಿಕ ಸರ್ಕಾರದೊಡನೆ ರಾಜಿಯಾಗಿ 24.5 ಕೋಟಿ ಡಾಲರನ್ನು ಗಿರಾಕಿಗಳಿಗೆ ಹಿಂತಿರುಗಿಸಲು ಒಪ್ಪಿತು. ಬೇಡವಾದದ್ದನ್ನೂ ಕೊಳ್ಳುವಂತೆ ಗುಂಡಿಗಳನ್ನು ಹೂಡಿದ್ದರು, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳಿಂದ ದುಡ್ಡು ಬಿಡಿಸಿಕೊಂಡರು ಎಂಬುದು ಆಪಾದನೆ. ತಕ್ಕಡಿಯಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೆ ನಮ್ಮ ಅಂಗಡಿಕಾರನಿಗೆ ದಂಡ ಬೀಳುತ್ತದೆ. ಮಕ್ಕಳ ಬೆರಳು ಜಾರುವಂತೆ ಗುಂಡಿ ಹೂಡಿದವನು ವರ್ಷಗಟ್ಟಲೆ ದೊಡ್ಡ ಉದ್ಯಮಿ ಎನಿಸಿಕೊಂಡು ಮೆರೆದ.

ಆಟ ಬೇರೆ, ಜೂಜು ಬೇರೆ. ಈ ಭೇದವನ್ನು ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದಂಕಿ ಲಾಟರಿ ಎಷ್ಟು ಕೂಲಿಕಾರರ ಬಟವಾಡೆಯನ್ನು ನುಂಗಿತೆಂದು ನಮಗೆ ನೆನಪಿದೆ. 2007ರಲ್ಲಿ ಸರ್ಕಾರ ಲಾಟರಿಯನ್ನು ನಿಲ್ಲಿಸಿತು. 2021ರಲ್ಲಿ ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ಕಾನೂನು ಮಾಡಿತು. ಚತುರತೆಯ ಆಟಕ್ಕೂ ಅದೃಷ್ಟದ ಆಟಕ್ಕೂ ಭೇದ ನೋಡಿಲ್ಲವೆಂದು 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣದ ಆಟಗಳನ್ನು ನಿಷೇಧಿಸಿ, ಹಣವಿಲ್ಲದ ಆಟಗಳಿಗೆ ಬೇರೆ ದಾರಿ ಮಾಡಿ ಶಾಸನ ತಂದಿತು. ಕೈ ಹಾಕಬೇಕಾದ ಜಾಗ ಹುಡುಗನ ಕತ್ತುಪಟ್ಟಿಯಲ್ಲ, ದುಡ್ಡಿನ ಗಲ್ಲಾ ಎಂಬುದನ್ನು ಒಪ್ಪುವ ಮಟ್ಟಿಗಾದರೂ ಇದು ಸರಿದಿಕ್ಕಿನ ಹೆಜ್ಜೆ.

ಕಟಕಟೆಗೆ ಬಾರದ ಎರಡನೆಯ ಸಂಗತಿ ಕೂಲಿಯದು. ಗಿರಣಿಯಲ್ಲಿ ಪೀಸ್ ರೇಟಿಗೆ ದುಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅನಿಮೆಯಲ್ಲಿ ಮುಖ್ಯ ಚಿತ್ರಗಳ ನಡುನಡುವೆ ಬೇಕಾದ ಸಾವಿರಾರು ಚಿತ್ರಗಳನ್ನು ಬರೆದು ತುಂಬುವ ಹೊಸ ಹುಡುಗ ಹುಡುಗಿಯರಿಗೆ ಚಿತ್ರವೊಂದಕ್ಕೆ ಸುಮಾರು 200 ಯೆನ್ನಿನಂತೆ ಕೂಲಿ ಕೊಡುವ ಪದ್ಧತಿ ಬೆಳೆದು ಬಂದಿದೆ. ಜಪಾನಿನ ಅನಿಮೆ ಕಲಾವಿದರ ಸಂಘವೇ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಇವರ ವರ್ಷದ ಸರಾಸರಿ ಆದಾಯ ಸುಮಾರು 11 ಲಕ್ಷ ಯೆನ್. ಎಲ್ಲ ಬಗೆಯ ಅನಿಮೆ ಕೆಲಸಗಾರರ ಸರಾಸರಿಯ ಮೂರನೆಯ ಒಂದು ಪಾಲು ಮಾತ್ರ. 2023ರಲ್ಲಿ ಅನಿಮೆಯ ಒಟ್ಟು ವಹಿವಾಟು 3 ಲಕ್ಷ ಕೋಟಿ ಯೆನ್ ದಾಟಿತು. ಈ ಉದ್ಯಮದ ಕಡಿಮೆ ಕೂಲಿ, ಮಿತಿಮೀರಿದ ದುಡಿಮೆಯ ಮಾತನ್ನು 2024ರಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡವೂ ತನ್ನ ವರದಿಯಲ್ಲಿ ಎತ್ತಿತು. ಅನಿಮೆಯಿಂದ ನೀತಿ ಕೆಟ್ಟಿತೆಂದು ಹೇಳುವ ಗಣ್ಯರು ಈ ಅನೀತಿಯನ್ನು ಕುರಿತು ಎಷ್ಟು ಸಭೆ ಕೂಡಿಸಿದ್ದಾರೆ?

ಕ್ಯೋಟೋ ಅನಿಮೇಷನ್ ಎಂಬ ಸಂಸ್ಥೆ ಈ ಪದ್ಧತಿಯನ್ನು ಬಿಟ್ಟು ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟು ಹೆಸರಾಯಿತು. ಅಲ್ಲಿ ಹೆಂಗಸರೂ ಬಹಳ ಮಂದಿ. 2019ರ ಜುಲೈ 18ರಂದು ಒಬ್ಬ ಅದರ ಕಟ್ಟಡಕ್ಕೆ ಪೆಟ್ರೋಲು ಸುರಿದು ಬೆಂಕಿಯಿಟ್ಟ; 36 ಮಂದಿ ಕೆಲಸಗಾರರು ಸತ್ತರು. ಆಗ ಜಗತ್ತಿನ ಮೂಲೆ ಮೂಲೆಯಿಂದ ಅನಿಮೆ ಪ್ರಿಯರು ಕಾಣದ ದೇಶದ, ಕಾಣದ ಚಿತ್ರಕಾರರ ಸಂಸಾರಗಳಿಗಾಗಿ ಹಣ ಕಳಿಸಿದರು. ಕೂಡಿದ ಮೊತ್ತ 300 ಕೋಟಿ ಯೆನ್ನಿಗೂ ಮಿಕ್ಕಿತು. ಮನುಷ್ಯರ ಸಂಗವೇ ಬೇಡವೆಂದು ಗೊಂಬೆಗಳ ಜೊತೆ ಬದುಕುವವರು ಎಂದು ಯಾರನ್ನು ಜರೆದಿದ್ದರೋ ಅವರೇ ಕೊಟ್ಟ ಹಣ ಇದು. ತಮ್ಮ ಸಂತೋಷದ ಹಿಂದೆ ದುಡಿಯುವ ಕೈಗಳಿವೆಯೆಂದು ಅವರಿಗೆ ತಿಳಿದಿತ್ತು.

ಆದರೂ ಬರೆ ಮಕ್ಕಳಿಗೇ ಬೀಳುತ್ತಿದೆ. ಜಪಾನಿನ ಕಾಗಾವಾ ಪ್ರಾಂತ 2020ರಲ್ಲಿ ಒಂದು ಕಟ್ಟಳೆ ಮಾಡಿತು: ಮಕ್ಕಳು ಶಾಲೆಯ ದಿನ 60 ನಿಮಿಷ, ರಜೆಯ ದಿನ 90 ನಿಮಿಷಕ್ಕಿಂತ ಹೆಚ್ಚು ಗೇಮ್ ಆಡದಂತೆ ಮನೆಯವರು ನೋಡಿಕೊಳ್ಳಬೇಕು. ದಂಡವಿಲ್ಲ, ಉಪದೇಶ ಮಾತ್ರ. ಒಳ್ಳೆಯ ಮಾತೇ ಇರಬಹುದು. ಆದರೆ ಎರಡು ಪಾಳಿ ದುಡಿದು ಬರುವ ತಾಯಿ ಯಾವ ಗಡಿಯಾರ ಹಿಡಿದು ಕೂರಬೇಕು? ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿರುವ ತಂದೆ ಮಗನ ಜೊತೆ ಯಾವಾಗ ಆಡಬೇಕು? ಹುಡುಗ ಹೊರಗೆ ಆಡಲಿ ಎನ್ನುತ್ತೇವೆ. ಊರಿನ ಆಟದ ಬಯಲಿನ ಮೇಲೆ ಅಂಗಡಿ ಸಾಲು ಎದ್ದಿದ್ದರೆ ಅವನು ಎಲ್ಲಿಗೆ ಹೋಗಬೇಕು?

ನಾನು ಕೇಳುವುದು ಇಷ್ಟು. ನಿಮ್ಮ ಮಗನೋ ಮಗಳೋ ಜಪಾನಿನ ಗೊಂಬೆಯ ಚಿತ್ರ ಬರೆಯುತ್ತ ಕುಳಿತಿದ್ದರೆ ಕೈಯಿಂದ ಪೆನ್ಸಿಲು ಕಸಿಯಬೇಡಿ. ಪಕ್ಕದಲ್ಲಿ ಕುಳಿತು ಇದು ಯಾರ ಕಥೆ ಎಂದು ಕೇಳಿ. ಆಡುವ ಆಟದಲ್ಲಿ ದುಡ್ಡಿನ ಚಕ್ರ ಇದೆಯೇ ಎಂದು ನೀವೇ ನೋಡಿ. ಇದ್ದರೆ ಮೊಬೈಲಿನಲ್ಲಿ ಹಣ ಕಳಿಸುವ ದಾರಿ ಮುಚ್ಚಿ. ನಿದ್ರೆ ಊಟ ಬಿಟ್ಟ ಮಗುವನ್ನು ಬೈದು ಬಡಿಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇಂಥ ಗೀಳಿಗಾಗಿಯೇ 2014ರಲ್ಲಿ ಚಿಕಿತ್ಸಾಲಯ ತೆರೆಯಿತು. ಮತ್ತು ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ನಿಲ್ಲಿಸಿ ಕೇಳಿ: ನಮ್ಮ ವಾರ್ಡಿನ ಆಟದ ಬಯಲು ಎಲ್ಲಿ? ವಾಚನಾಲಯ ಎಲ್ಲಿ? ಮಕ್ಕಳ ನೀತಿಯ ಬಗ್ಗೆ ಭಾಷಣ ಮಾಡುವುದಿದ್ದರೆ ಆಮೇಲೆ ಮಾಡಲಿ.