ಗುಂಡಿಗೆ ಮೊದಲು ಇಳಿಯೋನು ಯಾರು?

ಉದ್ದದ ಪೋಸ್ಟ್ ಇದು. ಎರಡು ಸಾಲು ಓದಿ ಅಳುವ ಎಮೋಜಿ ಹಾಕಿ ಹೋಗೋದಾದ್ರೆ ಅದು ಬೇಡ, ಬಿಡುವಾದಾಗ ಪೂರ್ತಿ ಓದಿ.

ಕಳೆದ ವಾರ ನಮ್ಮ ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಅಣಕು ಕಾರ್ಯಾಚರಣೆ ಇತ್ತು. ಅಮೋನಿಯಾ ಸೋರಿಕೆಯಾದ್ರೆ ಏನು ಮಾಡಬೇಕು ಅನ್ನೋದರ ಪ್ರದರ್ಶನ. ಸೈರನ್ ಕೂಗ್ತು, ಎರಡು ಅಗ್ನಿಶಾಮಕ ವಾಹನ ಬಂದ್ವು, ಆಂಬುಲೆನ್ಸ್ ಬಂತು. ಬೆನ್ನಿಗೆ ಆಕ್ಸಿಜನ್ ಥರದ ಸಿಲಿಂಡರ್ ಕಟ್ಟಿ ಮುಖಕ್ಕೆ ಮಾಸ್ಕ್ ಹಾಕ್ಕೊಂಡ ಇಬ್ಬರು ಒಳಗೆ ನುಗ್ಗಿ, ಪ್ರಜ್ಞೆ ತಪ್ಪಿದ ಹಾಗೆ ಮಲಗಿದ್ದವನನ್ನ ಸ್ಟ್ರೆಚರ್ ಮೇಲೆ ಹೊತ್ತು ತಂದ್ರು. ಚಪ್ಪಾಳೆ ಬಿತ್ತು. ಸಾಹೇಬ್ರುಗಳ ಭಾಷಣ ಮುಗೀತು. ಆಮೇಲೆ ನೀರಿನ ಬಾಟಲಿ, ಬಿಸ್ಕತ್ ಕವರ್ ಗುಡಿಸೋಕೆ ನಾಲ್ಕು ಜನ ಪೌರಕಾರ್ಮಿಕರು ಬಂದ್ರು. ಅವರಲ್ಲಿ ಒಬ್ಬರು ನಮ್ಮ ಕಾಲೋನಿಯವರೇ, ವರಸೆಯಲ್ಲಿ ನನಗೆ ಅತ್ತಿಗೆ.

‘ಏನಪ್ಪಾ ಇದು, ನಾಟಕಾನಾ?’ ಅಂದ್ರು.

‘ಗ್ಯಾಸ್ ಸೋರಿದ್ರೆ ಜನಾನ ಹೆಂಗೆ ಉಳಿಸೋದು ಅಂತ ಪ್ರಾಕ್ಟೀಸ್ ಮಾಡ್ತಾವ್ರೆ ಅತ್ತಿಗೆ.’

‘ಹಂಗಾರೆ ಅವತ್ತು ಇವರೆಲ್ಲಾ ಎಲ್ಲಿಗೋಗಿದ್ರು?’

ಅವತ್ತು ಅಂದ್ರೆ ಅಣ್ಣ ಸತ್ತ ದಿನ. ಒಂದು ಕಲ್ಯಾಣ ಮಂಟಪದ ಪಿಟ್ ತುಂಬಿತ್ತು. ಮಾರನೇ ದಿನ ಮದುವೆ. ಸಕ್ಕಿಂಗ್ ಗಾಡಿಗೆ ಕಾಯೋಕೆ ಪುರುಸೊತ್ತಿಲ್ಲ. ನಮ್ಮ ಕೇರಿಯ ಇಬ್ಬರನ್ನ ಕರೆಸಿದ್ರು, ತಲಾ ಒಂದು ಕ್ವಾರ್ಟರ್ ಕೊಡಿಸಿದ್ರು. ಸಣ್ಣ ಹುಡುಗ ಮೊದಲು ಇಳಿದ. ಅರ್ಧ ಏಣಿಗೆ ಹೋಗಿದ್ದೇ ತಡ, ಮಾತೇ ಇಲ್ಲದೆ ಕುಸಿದ. ಮೇಲೆ ನಿಂತಿದ್ದ ಅಣ್ಣ ‘ಲೇ, ಹುಡುಗ ಬಿದ್ದ’ ಅಂತ ಕೂಗಿ ತಾನೂ ಇಳಿದ. ಮೂರನೆಯವನು ಇಳಿಯೋಕೆ ಹೋದಾಗ ಹೆಂಗಸರು ಅವನ ಅಂಗಿ ಹಿಡಿದು ಎಳೆದ್ರು, ಅಂಗಿ ಹರೀತು, ಅವನು ಉಳಿದ. ಗಾಡಿ ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ಅದರಲ್ಲಿ ನೀರಿತ್ತು, ಪೈಪಿತ್ತು, ಏಣಿ, ಹಗ್ಗ ಇತ್ತು. ಗ್ಯಾಸ್ ಅಳೆಯೋ ಮೀಟರ್ ಇರಲಿಲ್ಲ, ಮಾಸ್ಕ್ ಸೆಟ್ ಇರಲಿಲ್ಲ. ಗಾಡಿ ಜೊತೆ ಬಂದಿದ್ದ ಹುಡುಗನೊಬ್ಬ ಆಮೇಲೆ ನನ್ನ ಪಕ್ಕಕ್ಕೆ ಕರೆದು ‘ಸರ್, ನಮಗೂ ಇದನ್ನ ಯಾರೂ ಹೇಳಿಕೊಟ್ಟಿಲ್ಲ’ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮಂಥವರ ಮನೆ ಹುಡುಗನೇ.

ಗುಂಡಿಯೊಳಗೆ ಕೊಲ್ಲೋದು ಏನು ಅಂತ ಮೊದಲು ತಿಳ್ಕೊಳ್ಳಿ. ಹೆಚ್ಚಿನ ಸಲ ಅದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ. ಗಾಳಿಗಿಂತ ತೂಕ ಜಾಸ್ತಿ, ಅದಕ್ಕೇ ತಳದಲ್ಲಿ ಕೂತಿರುತ್ತೆ. ರಾಡಿ ಕೆದಕಿದ್ರೆ ಒಟ್ಟಿಗೆ ಎದ್ದು ಬರುತ್ತೆ. ನಮ್ಮೋರು ‘ವಾಸನೆ ಹೋಯ್ತು, ಇನ್ನು ಪರವಾಗಿಲ್ಲ’ ಅಂತ ಇಳೀತಾರೆ. ಆದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 100 ಭಾಗ ಮುಟ್ಟಿದ್ರೆ ಕೆಲವೇ ನಿಮಿಷದಲ್ಲಿ ಮೂಗೇ ಕೆಲಸ ನಿಲ್ಲಿಸುತ್ತೆ. ವಾಸನೆ ಹೋಗಿರಲ್ಲ, ಮೂಗು ಹೋಗಿರುತ್ತೆ. ಇನ್ನೂ ಏಳೆಂಟು ಪಟ್ಟು ಏರಿದ್ರೆ ಒಂದೆರಡು ಉಸಿರಿಗೇ ಆಳು ಕುಸೀತಾನೆ. ಬೆಂಕಿಕಡ್ಡಿ ಗೀರಿ ಹಾಕಿ ನೋಡೋ ಹಳೇ ಉಪಾಯ ಇನ್ನೂ ಕೆಟ್ಟದ್ದು. ಅಲ್ಲಿ ಮೀಥೇನ್ ಇದ್ರೆ ಹೊತ್ತಿಕೊಳ್ಳುತ್ತೆ. ಮುಖಕ್ಕೆ ಕಟ್ಟೋ ಟವೆಲ್ಲು, ಕೊರೋನಾ ಮಾಸ್ಕು ಇದ್ಯಾವುದೂ ಈ ಗ್ಯಾಸ್ ತಡೆಯಲ್ಲ.

ಇದೇ ಹೈಡ್ರೋಜನ್ ಸಲ್ಫೈಡ್ ಕಾರ್ಖಾನೆಯಲ್ಲಿದ್ರೆ ಅದಕ್ಕೆ ಎಷ್ಟು ಮರ್ಯಾದೆ ಗೊತ್ತಾ? 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇಷ್ಟು ಟನ್‌ಗಿಂತ ಹೆಚ್ಚು ಇಟ್ಟರೆ ತುರ್ತು ಯೋಜನೆ ಬರೀಬೇಕು, ಅಣಕು ಕಾರ್ಯಾಚರಣೆ ಮಾಡಬೇಕು. 1996ರಲ್ಲಿ ರಾಸಾಯನಿಕ ಅಪಘಾತಗಳಿಗೆ ಅಂತಲೇ ಬೇರೆ ನಿಯಮ ಬಂತು. ಅದರ ಪ್ರಕಾರ ಜಿಲ್ಲೆಗೊಂದು ಬಿಕ್ಕಟ್ಟು ಸಮಿತಿ, ಅದಕ್ಕೆ ಡಿಸಿಯವರೇ ಅಧ್ಯಕ್ಷರು. ಹೆದ್ದಾರಿಯಲ್ಲಿ ಆಸಿಡ್ ಟ್ಯಾಂಕರ್ ಓಡಿಸೋ ಡ್ರೈವರ್‌ಗೂ ಮೂರು ದಿನದ ತರಬೇತಿ ಕಡ್ಡಾಯ, ಟ್ಯಾಂಕರ್ ಮೇಲೆ ಒಳಗಿರೋದು ಏನು, ಅನಾಹುತವಾದ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಬೋರ್ಡ್ ಕಡ್ಡಾಯ. ಒಳ್ಳೇದೇ. ಬೇಡ ಅನ್ನಲ್ಲ. ಆದ್ರೆ ಕಾನೂನು ವಿಷವನ್ನ ಟನ್ ಲೆಕ್ಕದಲ್ಲಿ ತೂಗುತ್ತೆ. ಹತ್ತಡಿ ಗುಂಡಿಯಲ್ಲಿ ಇಬ್ಬರನ್ನ ಸಾಯಿಸೋಕೆ ಬೇಕಾದ ಗ್ಯಾಸ್ ಆ ತಕ್ಕಡಿಗೆ ಕಾಣೋದೇ ಇಲ್ಲ. ಮಲದ ಗುಂಡಿಗೆ ಬೋರ್ಡ್ ಇಲ್ಲ. ಇಳಿಯೋನ ಜಾತಿಯೇ ಅದರ ಬೋರ್ಡ್.

ಈ ನಿಯಮಗಳೆಲ್ಲಾ ಹುಟ್ಟಿದ್ದು ಭೋಪಾಲದ ಹೆಣಗಳ ಮೇಲೆ. 1984ರ ಡಿಸೆಂಬರ್ 2ರ ರಾತ್ರಿ ಆಸ್ಪತ್ರೆಗೆ ಜನ ಸಾವಿರಗಟ್ಟಲೆ ಓಡಿ ಬಂದಾಗ ಅಲ್ಲಿನ ಡಾಕ್ಟರುಗಳಿಗೆ ಇದು ಯಾವ ಗ್ಯಾಸ್ ಅಂತಲೇ ತಿಳಿದಿರಲಿಲ್ಲ. ಅದನ್ನ ನೋಡಿ ಅಮೆರಿಕ ಬೆಚ್ಚಿಬಿತ್ತು, ಮಾರನೇ ವರ್ಷ ಅಲ್ಲೇ ವೆಸ್ಟ್ ವರ್ಜೀನಿಯಾದಲ್ಲೂ ಅದೇ ಕಂಪನಿಯ ಇನ್ನೊಂದು ಕಾರ್ಖಾನೆಯಲ್ಲಿ ಸೋರಿಕೆ ಆಯ್ತು. 1986ರಲ್ಲಿ ಅವರು ಕಾನೂನು ಮಾಡಿದ್ರು. ಅದರಿಂದ ಬಂದ ನಿಯಮದಲ್ಲಿ ಅನಾಹುತದ ಜಾಗಕ್ಕೆ ಮೊದಲು ತಲುಪೋರಿಗೆ ಹಂತಹಂತದ ತರಬೇತಿ ಇದೆ. ದೂರದಿಂದ ತಡೆಯೋರಿಗೆ ಕನಿಷ್ಠ 8 ಗಂಟೆ, ಹತ್ತಿರ ಹೋಗಿ ಸೋರಿಕೆ ನಿಲ್ಲಿಸೋರಿಗೆ ಕನಿಷ್ಠ 24 ಗಂಟೆ. ಇದೆರಡಕ್ಕೂ ಮೊದಲಿನ ಹಂತ ನನಗೆ ಬಹಳ ಇಷ್ಟವಾದದ್ದು. ಅಲ್ಲಿ ಕಲಿಸೋದು ಇಷ್ಟೇ: ಅಪಾಯ ಗುರುತಿಸು, ಹತ್ತಿರ ಹೋಗಬೇಡ, ಹೋಗೋರನ್ನ ತಡಿ, ಕರೆ ಮಾಡು.

ಈ ಪಾಠ ನಮ್ಮ ಅಣ್ಣನಿಗೆ ಯಾರಾದ್ರೂ ಹೇಳಿಕೊಟ್ಟಿದ್ರೆ? ಅದೇ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು, ಇಂಥ ಇಕ್ಕಟ್ಟು ಜಾಗಗಳಲ್ಲಿ ಸಾಯೋರಲ್ಲಿ ಶೇ. 60ಕ್ಕೂ ಹೆಚ್ಚು ಜನ ಕಾಪಾಡೋಕೆ ಇಳಿದವರು ಅಂತ. ನಮ್ಮಲ್ಲಿ ಅವರಿಗೆ ಪೇಪರ್‌ನೋರು ‘ನೆರವಿಗೆ ಧಾವಿಸಿದವನೂ ಬಲಿ’ ಅಂತ ಒಂದು ಸಾಲು ಬರೀತಾರೆ. ನಮ್ಮ ದೇಶದ ಮೊದಲ ತುರ್ತು ಸ್ಪಂದಕ ಅಗ್ನಿಶಾಮಕದವನಲ್ಲ, 112ರವನೂ ಅಲ್ಲ. ಗುಂಡಿಯ ಬಾಯಲ್ಲಿ ನಿಂತಿರೋ ಇನ್ನೊಬ್ಬ ಹೊಲೆಯ, ಇನ್ನೊಬ್ಬ ಮಾದಿಗ. ಸಂಬಳ ಇಲ್ಲ, ತರಬೇತಿ ಇಲ್ಲ, ಒಳಗೆ ಬಿದ್ದಿರೋನು ತಮ್ಮನೋ ಅಳಿಯನೋ ಆಗಿರ್ತಾನೆ. ಅವನು ಇಳಿಯದೆ ಇರ್ತಾನಾ?

ಕಾನೂನೇ ಇಲ್ಲ ಅಂತ ನಾನು ಹೇಳ್ತಿಲ್ಲ. 2013ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮನುಷ್ಯನನ್ನ ಒಳಚರಂಡಿ, ಪಿಟ್ಟಿನ ಅಪಾಯಕಾರಿ ಕೆಲಸಕ್ಕೆ ಇಳಿಸೋ ಹಾಗಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಜಾಮೀನುರಹಿತ. ಆದ್ರೆ ‘ಅಪಾಯಕಾರಿ’ ಅನ್ನೋದರ ವ್ಯಾಖ್ಯಾನ ಓದಿ. ರಕ್ಷಣಾ ಸಾಮಗ್ರಿ ಕೊಡದೆ, ಸುರಕ್ಷಾ ಕ್ರಮ ಪಾಲಿಸದೆ ಇಳಿಸಿದ್ರೆ ಮಾತ್ರ ಅಪಾಯಕಾರಿ. ಈ ಕಿಂಡಿಯಲ್ಲೇ ಎಷ್ಟೋ ಕಂಟ್ರಾಕ್ಟರ್‌ಗಳು ನುಸುಳೋದು. ಎರಡು ಗವಸು, ಒಂದು ಜೊತೆ ಗಮ್‌ಬೂಟಿನ ಫೋಟೋ ತೆಗೆದು ಫೈಲಿಗೆ ಹಾಕಿದ್ರೆ ಮುಗೀತು. ಅದೇ ಕಾಯ್ದೆಯ ನಿಯಮಗಳಲ್ಲಿ ನಾಲ್ಕು ಗ್ಯಾಸ್ ಅಳೆಯೋ ಮಾನಿಟರ್, ಗಾಳಿ ಊದೋ ಬ್ಲೋವರ್, ಉಸಿರಾಟದ ಸೆಟ್, ಮೇಲಕ್ಕೆ ಎತ್ತೋ ಟ್ರೈಪಾಡ್ ಎಲ್ಲಾ ಇದೆ. ನಿಮ್ಮ ಊರಿನ ಪುರಸಭೆಗೆ ಹೋಗಿ ‘ಟ್ರೈಪಾಡ್ ತೋರಿಸಿ ಸ್ವಾಮಿ’ ಅಂತ ಕೇಳಿ ನೋಡಿ. ನಮಗೆ ಒಬ್ಬರು ಫೋಟೋಗ್ರಾಫರ್ ಅಂಗಡಿ ತೋರಿಸಿದ್ರು. ತಮಾಷೆ ಅಲ್ಲ, ನಿಜ.

ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು, ತುರ್ತು ಸಂದರ್ಭದಲ್ಲೂ ಸುರಕ್ಷಾ ಸಾಧನವಿಲ್ಲದೆ ಇಳಿಸೋದು ಅಪರಾಧ ಆಗಬೇಕು ಅಂತು. ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ನಮ್ಮ ಜೀವದ ರೇಟು ಏರ್ತಾ ಇದೆ, ಗ್ಯಾಸ್ ಮೀಟರ್ ಮಾತ್ರ ಬರ್ತಾ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಒಳಚರಂಡಿ ಕೆಲಸಕ್ಕೆ ಅಂತಲೇ ತುರ್ತು ಸ್ಪಂದನಾ ಘಟಕ ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು. 14420 ಅಂತ ಸಹಾಯವಾಣಿ ನಂಬರೂ ಬಂತು. ನಮ್ಮ ಕಾಲೋನಿಯಲ್ಲಿ ಆ ನಂಬರ್ ಗೊತ್ತಿರೋ ಒಬ್ಬರೂ ನನಗೆ ಸಿಗಲಿಲ್ಲ.

ಈಗ ಒಂದು ಜಗಳದ ಮಾತು. ಮೊನ್ನೆ ಸಭೆಯಲ್ಲಿ ಒಬ್ಬ ಹಿರಿಯ ಸಂಗಾತಿ ನನ್ನ ಮೇಲೆ ರೇಗಿದ್ರು. ‘ತರಬೇತಿ ಕೊಡಿ ಅಂತ ಕೇಳೋದು ಅಂದ್ರೆ, ನಮ್ಮ ಹುಡುಗರನ್ನ ಚೆನ್ನಾಗಿ ಇಳಿಸಿ ಅಂತ ಕೇಳಿದ ಹಾಗೆ. ತಲೆ ಮೇಲೆ ಮಲ ಹೊರೋದನ್ನ ಬಸವಲಿಂಗಪ್ಪನವರು ನಿಲ್ಲಿಸಿದಾಗ, ಹಗುರವಾದ ಬುಟ್ಟಿ ಕೊಡಿ ಅಂತ ಕೇಳಿದ್ರಾ?’ ಅಂದ್ರು. ನನ್ನ ಹತ್ರ ತಕ್ಷಣ ಉತ್ತರ ಇರಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅವರ ಮಾತಿನಲ್ಲಿ ಸತ್ಯ ಇದೆ. ತರಬೇತಿ ಸರ್ಟಿಫಿಕೇಟ್ ಅನ್ನೋದು ಇಳಿಸೋಕೆ ಲೈಸೆನ್ಸ್ ಆಗಬಹುದು.

ಆದ್ರೂ ನಾನು ಒಪ್ಪಲ್ಲ. ಇಳಿಯೋ ತರಬೇತಿ ಬೇಡವೇ ಬೇಡ, ಅದು ಸಕ್ಕಿಂಗ್ ಮಷಿನ್, ಜೆಟ್ಟಿಂಗ್ ಮಷಿನ್ ಮಾಡಲಿ. ನಾನು ಕೇಳ್ತಿರೋದು ಇಳಿಯದೇ ಇರೋ ತರಬೇತಿ. ಪ್ರತಿ ಪೌರಕಾರ್ಮಿಕರಿಗೆ, ಅವರ ಹೆಂಡತಿ ಮಕ್ಕಳಿಗೆ, ಕೇರಿಯಲ್ಲೇ ಬಂದು, ಅವರ ಮಾತಲ್ಲೇ, ಅವತ್ತಿನ ಕೂಲಿ ಕೊಟ್ಟು ಹೇಳಿಕೊಡಿ: ಬಿದ್ದವನ ಹಿಂದೆ ಇಳೀಬೇಡ, ಅಂಗಿ ಹಿಡಿದು ಎಳಿ, ಫೋನ್ ಮಾಡು. ಮತ್ತೆ ಇಳಿಯೋಕೆ ಅಂತಲೇ ಸಂಬಳ ತಗೊಳ್ಳೋ ಇಲಾಖೆಗೆ ಇಳಿಯೋದನ್ನ ಕಲಿಸಿ. ಅಗ್ನಿಶಾಮಕ ಠಾಣೆಯ ಪ್ರತಿ ಗಾಡಿಯಲ್ಲೂ ಮೀಟರ್, ಬ್ಲೋವರ್, ಉಸಿರಾಟದ ಸೆಟ್ ಇರಲಿ. ಡಿಸಿ ಅಧ್ಯಕ್ಷತೆಯ ಆ ಬಿಕ್ಕಟ್ಟು ಸಮಿತಿ ವರ್ಷಕ್ಕೊಂದು ಅಣಕು ಕಾರ್ಯಾಚರಣೆಯನ್ನಾದ್ರೂ ಮ್ಯಾನ್‌ಹೋಲ್ ಪಕ್ಕದಲ್ಲಿ ಮಾಡಲಿ. ಸಾಹೇಬ್ರಿಗೆ ವಾಸನೆ ಬಂದ್ರೆ ಬರಲಿ.

ಇನ್ನು ಕೇಸು. ಸಾವಾದಾಗ ಪೊಲೀಸರು ಬರೀ ‘ನಿರ್ಲಕ್ಷ್ಯದಿಂದ ಸಾವು’ ಅಂತ ಎಫ್‌ಐಆರ್ ಹಾಕಿ ಕೈತೊಳೆಯೋಕೆ ಬಿಡಬೇಡಿ. 2013ರ ಕಾಯ್ದೆ, ದೌರ್ಜನ್ಯ ತಡೆ ಕಾಯ್ದೆ ಎರಡೂ ಬರೋ ತನಕ ಠಾಣೆ ಬಿಟ್ಟು ಏಳಬೇಡಿ. ಅಣ್ಣನ ಕೇಸಲ್ಲಿ ನಾವು ಆ ತಪ್ಪು ಮಾಡಿದ್ವಿ. ದುಃಖದಲ್ಲಿದ್ವಿ, ಬರೆದುಕೊಟ್ಟ ಕಾಗದಕ್ಕೆ ಸಹಿ ಹಾಕಿ ಬಂದ್ವಿ.

ಈ ತಿಂಗಳು ಎಲ್ಲಾ ತಾಲ್ಲೂಕುಗಳಿಂದ ಆರ್‌ಟಿಐ ಹಾಕೋಣ ಅಂತಿದ್ದೀವಿ. ಅಗ್ನಿಶಾಮಕ ಠಾಣೆಗೆ ಒಂದು: ಗ್ಯಾಸ್ ಮಾನಿಟರ್ ಎಷ್ಟಿವೆ, ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ, ಗುಂಡಿ ರಕ್ಷಣೆಗೆ ಎಷ್ಟು ಸಿಬ್ಬಂದಿಗೆ ತರಬೇತಿ ಆಗಿದೆ. ಪುರಸಭೆಗೆ ಇನ್ನೊಂದು, ಬೇರೆ ಅರ್ಜಿಯಲ್ಲಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ಇಲ್ಲಾಂದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಮಾದರಿ ಅರ್ಜಿ ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ. ನಮ್ಮ ಊರಿಂದ ಹೋಗೋ ಮೊದಲ ಅರ್ಜಿಗೆ ಅತ್ತಿಗೆಯವರೇ ಸಹಿ ಹಾಕಿದ್ದಾರೆ.